ಗೊತ್ತಿಲ್ಲದವರಿಗೆ ಹೇಳಿ

ಎರ್ಗಶ್ ಸತ್ತ ನಲವತ್ತನೆಯ ದಿನದ ಊಟ ಮುಗಿದು, ಬಂದವರೆಲ್ಲ ದುವಾ ಮಾಡಿ ಎದ್ದುಹೋದ ಮೇಲೆ ಅವನ ಹೆಂಡತಿ ಮುಕರ್ರಮ ಚಾಪೆ ಹಾಸಿ ನಮಾಜಿಗೆ ನಿಂತಳು. ಐವತ್ತೇಳು ವರ್ಷದ ಹೆಂಗಸು. ನಮಾಜು ಮಾಡಿದವರನ್ನು ಸರ್ಕಾರ ಕೆಲಸದಿಂದ ತೆಗೆಯುತ್ತಿದ್ದ ಕಾಲದಲ್ಲೂ ಅಜ್ಜಿಯ ಜೊತೆ ಹಿಟ್ಟಿನ ಕೋಣೆಯಲ್ಲಿ ಕದ ಹಾಕಿಕೊಂಡು ನಮಾಜು ಕಲಿತವಳು. ಅವತ್ತು ಮಾತ್ರ ಬಾಯಿ ತನ್ನಷ್ಟಕ್ಕೆ ಸೂರಾ ಹೇಳುತ್ತಿತ್ತು, ಎದುರಿಗೆ ಕೇಳುವವರು ಯಾರೂ ಇದ್ದಂತಿರಲಿಲ್ಲ. ದುಃಖಕ್ಕೆ ಹೀಗಾಗಿದೆ ಎಂದುಕೊಂಡಳು. ಮರುದಿನವೂ ಹಾಗೇ ಆಯಿತು. ಹಿಮ ಕರಗಿತು, ಏಪ್ರಿಕಾಟ್ ಮರ ಹೂ ಬಿಟ್ಟು ಉದುರಿಸಿತು, ಆಗಲೂ ಹಾಗೇ ಇತ್ತು.

ಅವಳು ನಮಾಜು ಹೆಚ್ಚಿಸಿದಳು. ಐದರ ಜೊತೆಗೆ ಇನ್ನೆರಡು ಹೊತ್ತು ಸೇರಿಸಿದಳು. ಸೋಮವಾರ, ಗುರುವಾರ ಉಪವಾಸ ಹಿಡಿದಳು. ಜಪಮಣಿ ಕೈಬಿಡಲಿಲ್ಲ.

ಎರ್ಗಶ್ ಸಾಯುವ ಎರಡು ದಿನ ಮೊದಲು ಊರ ವಾಡಿಕೆಯಂತೆ ಎಲ್ಲರನ್ನೂ ಕರೆಸಿ, "ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಮಾಫಿ ಮಾಡಿ" ಎಂದು ಕೇಳಿಕೊಂಡಿದ್ದ. ಮಗ, ಸೊಸೆ, ನೆರೆಯವರು, ಕಾಲುವೆ ನೀರಿಗಾಗಿ ಜಗಳ ಕಾದ ಪಕ್ಕದ ತೋಟದವನು, ಎಲ್ಲರೂ "ಮಾಫಿ ಮಾಡಿದೀವಿ, ನೀವೂ ಮಾಡಿ" ಎಂದು ಅತ್ತಿದ್ದರು. ಎಲ್ಲರೂ ಹೊರಗೆ ಹೋದ ಮೇಲೆ ಅವನು ಹೆಂಡತಿಯ ಕಡೆ ತಿರುಗಿದ್ದ.

"ನಂದು ಮುಗೀತು. ನೀನು ಮಾಫಿ ಕೇಳ್ಬೇಕಾದೋರು ಇನ್ನೂ ಇದ್ದಾರೆ."

"ಯಾರು?"

"ನನ್ನ ಬಾಯಲ್ಲಿ ಹೇಳಿಸ್ತೀಯಾ? ಏಳು ವರ್ಷ ಗೊತ್ತಿದ್ದೂ ಸುಮ್ಮನಿದ್ದೆ. ಅದು ನನ್ನ ಪಾಪ. ನಿಂದು ನಿನಗೆ ಗೊತ್ತು." ಅಷ್ಟು ಹೇಳಿ ಗೋಡೆಯ ಕಡೆ ಮಗ್ಗುಲಾಗಿದ್ದ.

ಏಪ್ರಿಲ್ ಕೊನೆಗೆ ರೇಷ್ಮೆ ಮೊಟ್ಟೆ ಬಂತು. ಮರ್ಗಿಲಾನ್ ಪಟ್ಟಣದ ಸುತ್ತ ಆ ತಿಂಗಳು ಮನೆ ಮನುಷ್ಯರದಲ್ಲ, ಹುಳುವಿನದು. ದೊಡ್ಡ ಕೋಣೆಯೂ ಒಳಕೋಣೆಯೂ ಅಟ್ಟಣೆ ಕಟ್ಟಿಸಿಕೊಂಡು ಹುಳುವಿಗೆ ಹೋದವು, ಮನೆಯವರು ಪಡಸಾಲೆಗೆ ಬಂದರು. ಪ್ರತಿವರ್ಷ ಎರ್ಗಶ್ ಮುಂದೆ ನಿಂತು ನಡೆಸುತ್ತಿದ್ದ. ಈಗ ಉಳಿದವರು ಮೂವರು: ಮುಕರ್ರಮ, ಟ್ರ್ಯಾಕ್ಟರ್ ರಿಪೇರಿ ಮಾಡುವ ಮಗ ತುಲ್ಕಿನ್, ಸೊಸೆ ಖುರ್ಷಿದಾ. ಖುರ್ಷಿದಾ ಮುಕರ್ರಮಳ ಸ್ವಂತ ಅಣ್ಣನ ಮಗಳು. ಮದುವೆಯಾಗಿ ಆರು ವರ್ಷ, ಎರಡು ಬಸಿರು ಇಳಿದುಹೋಗಿ ಈಗ ಮೂರನೆಯದು ಐದು ತಿಂಗಳಿಗೆ ನಿಂತಿತ್ತು.

ಹುಳು ಸೊಪ್ಪು ಬಿಟ್ಟು ಪೊರೆ ಕಳಚುವ ಮೊದಲೆರಡು ಜ್ವರ ಹೇಗೋ ಕಳೆಯಿತು. ಮೂರನೆಯ ಜ್ವರದಿಂದ ಹುಳು ಎದ್ದ ದಿನ ತುಲ್ಕಿನ್ ಕೆಲಸಕ್ಕೆ ಹೋಗಿದ್ದ, ಖುರ್ಷಿದಾ ರಸ್ತೆಯಂಚಿನ ಹಿಪ್ಪುನೇರಳೆ ಮರದಿಂದ ಸೊಪ್ಪಿನ ಕಟ್ಟು ಹೊತ್ತು ತರುತ್ತಿದ್ದಳು. ಒಳಕೋಣೆಗೆ ಸೊಪ್ಪು ಹಾಕುವ ಸರದಿ ಮುಕರ್ರಮಳದು. ಅವಳು ಚಾಪೆ ಬಿಟ್ಟು ಏಳಲಿಲ್ಲ. ಸಂಜೆ ತುಲ್ಕಿನ್ ಬಂದು ಕದ ತೆರೆದಾಗ ಒಂದು ಅಟ್ಟಣೆ ಪೂರ್ತಿ ಹುಳು ಒಣಗಿದ ಕಡ್ಡಿಗಳ ಮೇಲೆ ತಲೆ ಎತ್ತಿ ಆಡಿಸುತ್ತಿತ್ತು. ಅರ್ಧಕ್ಕರ್ಧ ನಿತ್ರಾಣವಾಗಿ ಕೆಳಗೆ ಬಿದ್ದಿತ್ತು.

ಊಟಕ್ಕೆ ಹೆಸರುಕಾಳಿನ ಗಂಜಿ ಇತ್ತು. ಖುರ್ಷಿದಾ ಬಟ್ಟಲನ್ನು ಅತ್ತೆಯ ಮುಂದೆ ಸದ್ದಾಗುವಂತೆ ಇಟ್ಟಳು.

"ಅತ್ತೆ, ಒಂದು ಮಾತು ಕೇಳ್ಲಾ? ಅಲ್ಲಾಹ ಹುಳಾನೂ ಮಾಡಿದಾನಲ್ವಾ?"

"ಮಾಡಿದಾನೆ."

"ಮತ್ತೆ ಅವು ಹಸ್ಕೊಂಡು ಸಾಯ್ತಿದ್ರೆ ನಿಮ್ಮ ನಮಾಜು ಅವನಿಗೆ ಹ್ಯಾಗೆ ಕೇಳಿಸುತ್ತೆ?"

"ಖುರ್ಷಿದಾ!" ಎಂದ ತುಲ್ಕಿನ್.

"ನೀವು ಸುಮ್ನಿರಿ. ಹೊಟ್ಟೇಲಿ ಮಗು ಇಟ್ಕೊಂಡು ದಿನಕ್ಕೆ ಹದಿನಾಲ್ಕು ಕಟ್ಟು ಹೊರೋಳು ನಾನು. ಇವರು ಅಜಾನಿಗೆ ಕೂತ್ರೆ ಮುಂದಿನ ಅಜಾನಿಗೇ ಏಳೋದು. ಮಾವ ಇದ್ದಿದ್ರೆ ಹೀಗಾಗ್ತಿತ್ತಾ?"

ತುಲ್ಕಿನ್ ರೊಟ್ಟಿ ಮುರಿದು ಅಮ್ಮನ ಕಡೆ ನೂಕಿದ. "ಅಮ್ಮ, ನಿಮಗೆ ಮೈ ಸರಿಯಿಲ್ವಾ? ಡಾಕ್ಟ್ರ ಹತ್ರ ಹೋಗೋಣ್ವಾ?"

"ಮೈ ಚೆನ್ನಾಗಿದೆ."

"ಮತ್ತೆ?"

ಮುಕರ್ರಮ ಗಂಜಿ ಕುಡಿದು ಬಟ್ಟಲು ತೊಳೆಯಲು ಎದ್ದುಹೋದಳು.

ಮರುದಿನ ಅವಳು ರೋಬಿಯಾ ಓತಿನಳ ಮನೆಗೆ ಹೋದಳು. ಓತಿನ್ ಎಂದರೆ ಉಪಾಧ್ಯಾಯಿನಿ; ಮೊಹಲ್ಲಾದ ಹೆಂಗಸರಿಗೆ ಕುರಾನು ಓದಿಸುವವಳು, ಸತ್ತ ಮನೆಯಲ್ಲಿ ದುವಾ ಹೇಳುವವಳು ಅವಳೇ. ಎಂಬತ್ತು ದಾಟಿದ್ದಳು, ಕಣ್ಣು ಮಂಜಾಗಿತ್ತು. ಅಂಗಳದಲ್ಲಿ ಕೂತು ಸಬ್ಬಸಿಗೆ ಸೊಪ್ಪು ಸೋಸುತ್ತಿದ್ದಳು.

"ಓತಿನಮ್ಮ, ನನಗೊಂದು ದುವಾ ಹೇಳ್ಕೊಡಿ. ಇರೋದೆಲ್ಲ ಹೇಳ್ದೆ. ಗೋಡೆಗೆ ಹೇಳಿದ ಹಾಗಾಗ್ತಿದೆ."

"ಎಷ್ಟು ದಿನದಿಂದ?"

"ಅವರು ಹೋದಾಗ್ನಿಂದ."

"ತೌಬಾ ಮಾಡಿದ್ಯಾ?"

"ದಿನಾ ಮಾಡ್ತೀನಿ. ಸಾವಿರ ಸಲ. ಗೊತ್ತಿದ್ದೂ ಗೊತ್ತಿಲ್ದೇನೂ ಮಾಡಿದ ಪಾಪಕ್ಕೆಲ್ಲ ಅಂತ."

ಮುದುಕಿ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. "ಗೊತ್ತಿಲ್ದೇ ಮಾಡಿದ್ದು ಬಿಡು. ಗೊತ್ತಿದ್ದು ಮಾಡಿದ್ದು ಯಾವ್ದು?"

ಕೋಳಿಯೊಂದು ಸೊಪ್ಪಿಗೆ ಬಾಯಿ ಹಾಕಲು ಬಂತು, ಮುಕರ್ರಮ ಅದನ್ನು ಓಡಿಸಿದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು.

ತುಲ್ಕಿನನ ಮೊದಲ ಹೆಂಡತಿ ಓಯ್ದಿನ್. ಅವನೇ ಇಷ್ಟಪಟ್ಟು ತಂದುಕೊಂಡ ಹುಡುಗಿ. ಆದರೆ ಮುಕರ್ರಮ ಅಣ್ಣನ ಮಗಳನ್ನೇ ತಂದುಕೊಳ್ಳುತ್ತೇನೆಂದು ಅಣ್ಣನಿಗೆ ಮಾತು ಕೊಟ್ಟಿದ್ದಳು. ಮುಲ್ಲಾ ನಿಕಾಹ್ ಓದಿದ್ದ, ಸರ್ಕಾರಿ ಕಚೇರಿಯ ಮೊಹರು ಬಿದ್ದಿರಲಿಲ್ಲ. ಮೂರು ತಿಂಗಳಿಗೆ ತುಲ್ಕಿನ್ ರಷ್ಯಾಕ್ಕೆ ಕಟ್ಟಡ ಕೆಲಸಕ್ಕೆ ಹೋದ. ಅವನು ಹೋದ ತಿಂಗಳಿಗೇ ಓಯ್ದಿನ್‌ಗೆ ವಾಂತಿ ಶುರುವಾಯಿತು. "ಡಾಕ್ಟ್ರ ಹತ್ರ ಹೋಗಿ ಬಾ" ಎಂದು ಬಾಡಿಗೆ ಕಾರು ಕರೆಸಿ ಕೂರಿಸಿದವಳು ಮುಕರ್ರಮಳೇ. ಅವತ್ತೇ ಸಂಜೆ ಫೋನಿನಲ್ಲಿ ಮಗನಿಗೆ ಹೇಳಿದಳು: "ನಿನ್ನ ಹೆಂಡ್ತಿ ಯಾರದೋ ಕಾರಲ್ಲಿ ಬಂದಿಳಿದ್ಲು. ಬಸುರಿಯಂತೆ. ಯಾರಿಂದ ಅಂತ ನೀನೇ ಯೋಚಿಸ್ಕೋ." ಅವನು ಅಲ್ಲಿಂದಲೇ ಮೂರು ಸಲ ತಲಾಕ್ ಹೇಳಿದ. ಓಯ್ದಿನ್ ಬಟ್ಟೆಯ ಗಂಟಿನೊಂದಿಗೆ ತವರಿಗೆ ಹೋದಳು. ಅಲ್ಲಿ ಹೆಣ್ಣು ಮಗು ಹುಟ್ಟಿತು. ಅದರ ಕಾಗದದಲ್ಲಿ ಅಪ್ಪನ ಹೆಸರಿನ ಜಾಗ ಖಾಲಿ.

ರೋಬಿಯಾ ಓತಿನ್ ಸೋಸುತ್ತಿದ್ದ ಸೊಪ್ಪನ್ನು ಪಕ್ಕಕ್ಕಿಟ್ಟಳು.

"ಆ ಹುಡುಗಿ ತಲೆ ಬಗ್ಗಿಸ್ಕೊಂಡು ಗಂಟು ಹಿಡ್ದು ಹೋಗಿದ್ದನ್ನ ನೋಡಿ ನಾನೂ ನಾಲ್ಕು ಮಾತು ಆಡಿದೀನಿ," ಎಂದಳು. "ನನ್ನನ್ನೂ ಹಾಳು ಮಾಡ್ದೆಯಲ್ಲೇ."

"ದುವಾ ಯಾವುದಾದ್ರೂ..."

"ದುವಾ ಇಲ್ಲ. ಅಲ್ಲಾಹನಿಗೆ ಮಾಡಿದ ತಪ್ಪನ್ನ ಅವನು ಮಾಫಿ ಮಾಡ್ತಾನೆ. ಜನಕ್ಕೆ ಮಾಡಿದ್ದನ್ನ ಆ ಜನವೇ ಮಾಡ್ಬೇಕು. ಎದ್ದು ಹೋಗು ಅವಳ ಹತ್ರ."

ಓಯ್ದಿನ್ ಇದ್ದದ್ದು ಎರಡು ಹಳ್ಳಿ ಆಚೆ, ಅಣ್ಣನ ಮನೆಯ ಹಿಂಬದಿಯ ಒಂದು ಕೋಣೆಯಲ್ಲಿ. ನೇಯ್ಗೆ ಕಾರ್ಖಾನೆಗೆ ಹೋಗುತ್ತಿದ್ದಳು. ಭಾನುವಾರ ಮುಕರ್ರಮ ಹೋದಾಗ ತಂದೂರಿನ ಬಾಯಿಗೆ ಬಗ್ಗಿ ಒಳಗೋಡೆಗೆ ರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತಿ ನೋಡಿದಳು. ಬನ್ನಿ ಎನ್ನಲಿಲ್ಲ, ಕೂತ್ಕೊಳ್ಳಿ ಎನ್ನಲಿಲ್ಲ. ಹೊಸ್ತಿಲಿಗೆ ಬಂದ ಶತ್ರುವಿಗೂ ರೊಟ್ಟಿ ಮುರಿದು ಕೊಡುವ ಸೀಮೆ ಅದು.

ಮುಕರ್ರಮ ನಿಂತೇ ಎಲ್ಲ ಹೇಳಿದಳು. ತಲೆವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಂಡು, "ಮಾಫಿ ಮಾಡು ಮಗಳೇ. ಅಲ್ಲಾಹ ನನ್ನ ಕೈಬಿಟ್ಟಿದಾನೆ. ಕೂಗಿದ್ರೆ ಕೇಳಿಸ್ಕೊಳ್ತಿಲ್ಲ" ಎಂದಳು.

"ನನ್ನನ್ನ ಮಗಳೇ ಅನ್ನಬೇಡಿ." ಓಯ್ದಿನ್ ಬೆಂದ ರೊಟ್ಟಿಯನ್ನು ಕಿತ್ತು ಬುಟ್ಟಿಗೆ ಹಾಕಿದಳು. "ದೇವರು ದೂರ ಹೋದ ಅಂತ ನನ್ನ ಹತ್ರ ಬಂದ್ರಿ. ಅವನು ಹತ್ರಾನೇ ಇದ್ದಿದ್ರೆ ಬರ್ತಿರಲಿಲ್ಲ, ಅಲ್ವಾ?"

ಓಯ್ದಿನ್ ಮುಂದಿನ ರೊಟ್ಟಿಯನ್ನು ಒಳಗೋಡೆಗೆ ತಟ್ಟಿದಳು.

"ಏಳು ವರ್ಷ. ಸಂತೇಲಿ ನಾನು ಸಲಾಂ ಹೇಳಿದ್ರೆ ಮುಖ ತಿರುಗಿಸ್ಕೊಂಡು ಹೋಗ್ತಿದ್ರಿ. ನನ್ನ ಅತ್ತಿಗೆ ತಟ್ಟೆ ಇಡುವಾಗ ಹೇಳೋ ಮಾತು ನಿಮಗೆ ಗೊತ್ತಾ? ನನ್ನಪ್ಪ ಮಸೀದಿಗೆ ಹೋಗೋದು ಬಿಟ್ಟು ಸತ್ರು, ಗೊತ್ತಾ?"

"ಗೊತ್ತಿರಲಿಲ್ಲ."

"ಈಗ ಬಂದು ನನ್ನ ಕಿವಿಗೆ ಪಿಸುಗುಟ್ತೀರಿ. ನೀವು ಸುಳ್ಳು ಹೇಳಿದ್ರಿ ಅಂತ ನನಗೇ ಹೇಳ್ತೀರಲ್ಲ! ನನಗೆ ಗೊತ್ತಿರೋ ವಿಷಯ ಅದೊಂದೇ. ಗೊತ್ತಿಲ್ಲದವರಿಗೆ ಹೇಳಿ ಹೋಗಿ. ನಿಮ್ಮ ಮಗನಿಗೆ ಹೇಳಿ. ನಿಮ್ಮ ಮೊಹಲ್ಲಾಕ್ಕೆ ಹೇಳಿ."

"ಹೇಳಿದ್ರೆ ಮಾಫಿ ಮಾಡ್ತೀಯಾ?"

"ಇಲ್ಲ," ಎಂದಳು ಓಯ್ದಿನ್. "ಆದ್ರೂ ಹೇಳಿ."

ಮುಕರ್ರಮ ಮನೆಗೆ ಬಂದವಳು ಹೇಳಲಿಲ್ಲ. ಹುಳು ನಾಲ್ಕನೆಯ ಜ್ವರ ಮುಗಿಸಿ ಎದ್ದಿತ್ತು. ಗೂಡು ಕಟ್ಟುವ ಮುಂಚಿನ ಆ ಒಂಬತ್ತು ದಿನ ಅದಕ್ಕೆ ಎಷ್ಟು ಸೊಪ್ಪು ಸುರಿದರೂ ಸಾಲದು. ಮೂವರೂ ಸರದಿಯ ಮೇಲೆ ಕಡಿದರು, ಹೊತ್ತರು, ಹಾಕಿದರು. ಮುಕರ್ರಮ ಕಡ್ಡಾಯದ ಫರ್ಜ್ ನಮಾಜು ಐದನ್ನಷ್ಟೇ ಮಾಡಿ ಚಾಪೆ ಸುತ್ತಿಟ್ಟು, ಖುರ್ಷಿದಾಳ ಕೈಯಿಂದ ಕಟ್ಟನ್ನು ಕಿತ್ತುಕೊಂಡು ತಾನೇ ಹೊತ್ತಳು.

"ಇದೇನತ್ತೆ, ಇದ್ದಕ್ಕಿದ್ದ ಹಾಗೆ?" ಎಂದು ಸೊಸೆ ನಕ್ಕಳು. ಜಗಳವಾಡಿದ ಮೇಲೆ ಅದೇ ಮೊದಲ ನಗು. "ಮೊಮ್ಮಗನ ಆಸೆಗಾ?"

"ನೀನು ಕೂತ್ಕೋ."

"ನಿಮ್ಮ ದುವಾದಿಂದ್ಲೇ ಇದು ನಿಂತಿದ್ದು ಅಂತ ಅಮ್ಮ ಹೇಳ್ತಾರೆ," ಎಂದು ಖುರ್ಷಿದಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ನಾನು ಅವತ್ತು ಹಾಗೆ ಅಂದಿದ್ದು ತಪ್ಪಾಯ್ತು. ಮಾಫಿ ಮಾಡಿ."

ಮುಕರ್ರಮ ಕಟ್ಟು ಇಳಿಸಿ, ಸೊಪ್ಪಿನ ಕೋಣೆಗೆ ಹೋಗಿ, ಬಾಗಿಲ ಹಿಂದೆ ನಿಂತುಕೊಂಡಳು. ಹೇಳಿದರೆ ಈ ಹುಡುಗಿಯ ಮನೆ ಏನಾಗುತ್ತದೆ? ಮೂರನೆಯದೂ ಇಳಿದುಹೋದರೆ? ಹೆರಿಗೆಯಾಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಹುಳು ಹಣ್ಣಾಗಿ, ಒಣ ಪೊದೆಗಳ ಮೇಲೆ ಹತ್ತಿ ಗೂಡು ಕಟ್ಟಿತು.

ಗೂಡು ಬಿಡಿಸುವ ದಿನ ವಾಡಿಕೆಯಂತೆ ಮೊಹಲ್ಲಾದ ಹೆಂಗಸರು ಹತ್ತು ಜನ ಕೈಗೂಡಿಸಲು ಬಂದರು. ಖುರ್ಷಿದಾಳ ತಾಯಿ ಹಕೀಮಾಳೂ ಬಂದಿದ್ದಳು. ಕಡಾಯಿಯಲ್ಲಿ ಪಲಾವ್ ಬೇಯುತ್ತಿತ್ತು. ಅಂಗಳದ ತುಂಬ ಬಟ್ಟೆ ಹಾಸಿ, ಬಿಳಿ ಗೂಡುಗಳ ರಾಶಿಯ ಸುತ್ತ ಕೂತು, ಪೊದೆಯಿಂದ ಒಂದೊಂದೇ ಬಿಡಿಸುತ್ತ ಹೆಂಗಸರು ಊರಿನ ಸುದ್ದಿಯನ್ನೂ ಬಿಡಿಸತೊಡಗಿದರು.

"ಕೇಳಿದ್ರಾ? ಆ ಓಯ್ದಿನ್ ಮಗೂನ ಶಾಲೆಗೆ ಸೇರಿಸೋಕೆ ಹೋಗಿದ್ಲಂತೆ," ಎಂದಳು ಹಕೀಮಾ. "ಅಪ್ಪನ ಹೆಸರೇನಮ್ಮ ಅಂದ್ರೆ ಗೋಡೆ ನೋಡಿದ್ಲಂತೆ."

"ಗೋಡೆ ಮೇಲೆ ಬರೆದಿತ್ತೇನೋ," ಎಂದಳೊಬ್ಬಳು. ಎಲ್ಲರೂ ನಕ್ಕರು.

"ಎಷ್ಟು ಹೆಸರು ಅಂತ ಬರೀತಾರೆ ಪಾಪ, ಜಾಗ ಸಾಲಬೇಕಲ್ಲ," ಎಂದು ಹಕೀಮಾ ನಾದಿನಿಯ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಈ ಮಾತು ಬಂದಾಗಲೆಲ್ಲ ಮುಕರ್ರಮ ನಿಟ್ಟುಸಿರು ಬಿಟ್ಟು, "ಅಲ್ಲಾಹ ಅವಳಿಗೆ ಒಳ್ಳೇ ಬುದ್ಧಿ ಕೊಡ್ಲಿ" ಎನ್ನುವುದು ರೂಢಿ. ಏಳು ವರ್ಷ ಹಾಗೇ ಅಂದಿದ್ದಳು.

ಅವಳು ಕೈಯಲ್ಲಿದ್ದ ಪೊದೆಯನ್ನು ಕೆಳಗಿಟ್ಟಳು.

"ಆ ಮಗು ತುಲ್ಕಿನನದು," ಎಂದಳು.

ಒಬ್ಬಿಬ್ಬರು ಇನ್ನೂ ನಗುತ್ತಿದ್ದರು. "ಏನಂದ್ರಿ ಅಕ್ಕ?"

"ಆ ಮಗು ನನ್ನ ಮಗನದು. ಆ ಕಾರು ಕರೆಸಿದ್ದು ನಾನು. ಡಾಕ್ಟ್ರ ಹತ್ರ ಕಳಿಸಿದ್ದು ನಾನು. ಓಯ್ದಿನ್ ಯಾರ ಮುಖಾನೂ ನೋಡಿದೋಳಲ್ಲ. ನಾನು ಸುಳ್ಳು ಹೇಳಿದೆ. ಅವಳನ್ನ ಓಡಿಸೋಕೆ ಹೇಳಿದೆ."

ಹಕೀಮಾಳ ಬಾಯಿ ತೆರೆದೇ ಇತ್ತು. ಖುರ್ಷಿದಾ ಚಹಾದ ಕೆಟಲಿನೊಂದಿಗೆ ಪಡಸಾಲೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಯಾರೋ "ತೌಬಾ, ತೌಬಾ" ಎಂದು ತಮ್ಮದೇ ಕೊರಳಪಟ್ಟಿ ಹಿಡಿದುಕೊಂಡರು. ಆಮೇಲೆ ಎಲ್ಲರೂ ಗೇಟಿನ ಕಡೆ ನೋಡಿದರು. ಗೂಡು ತುಂಬಲು ಖಾಲಿ ಚೀಲಗಳನ್ನು ಹೆಗಲಿಗೆ ಹಾಕಿಕೊಂಡು ತುಲ್ಕಿನ್ ನಿಂತಿದ್ದ.

ಅವನು ಚೀಲಗಳನ್ನು ನಿಧಾನವಾಗಿ ಇಳಿಸಿದ.

"ಇನ್ನೊಂದ್ಸಲ ಹೇಳು."

ಹುಟ್ಟಿ ಮೂವತ್ತೆರಡು ವರ್ಷದಲ್ಲಿ ಅವನು ಅಮ್ಮನಿಗೆ ಏಕವಚನ ಬಳಸಿದ್ದು ಅದೇ ಮೊದಲು. ಅವಳು ಇನ್ನೊಮ್ಮೆ ಹೇಳಿದಳು. ಒಂದು ಮಾತನ್ನೂ ಬಿಡದೆ ಹೇಳಿದಳು. ಅವನು ಹೊಡೆಯುತ್ತಾನೆ ಎಂದು ಹೆಂಗಸರು ಎದ್ದುನಿಂತರು. ಅವನು ಹೊಡೆಯಲಿಲ್ಲ.

"ನೀನು ಹೇಳ್ದೆ. ನಾನು ಕೇಳ್ದೆ," ಎಂದ. "ಅವಳಿಗೆ ಒಂದು ಫೋನು ಮಾಡಿ ಕೇಳಲಿಲ್ಲ ನಾನು. ಒಂದೇ ಒಂದು ಫೋನು." ಗೇಟು ತೆರೆದು ಹೊರಟುಹೋದ.

ಖುರ್ಷಿದಾ ಕೆಟಲನ್ನು ಮೆಟ್ಟಿಲ ಮೇಲಿಟ್ಟಳು. "ನನಗೋಸ್ಕರ ಮಾಡಿದ್ರಾ ಅತ್ತೆ ಇದನ್ನ?"

"ನಿನಗೋಸ್ಕರ ಅಲ್ಲ."

"ಮತ್ತೆ ಇವತ್ತು ಹೇಳಿದ್ದು? ಆರು ವರ್ಷ ಬಿಟ್ಟು, ನಾನು ಹೀಗಿರುವಾಗ? ನಿಮಗೆ ಸ್ವರ್ಗ ಬೇಕು, ಅದಕ್ಕೆ ನನ್ನ ಮನೆ ಸುಡ್ತೀರಿ! ಅವರು ಅವಳನ್ನ ಕರ್ಕೊಂಡು ಬಂದ್ರೆ ನಾನೆಲ್ಲಿಗೆ ಹೋಗ್ಲಿ?"

ಹಕೀಮಾ ಮಗಳ ತೋಳು ಹಿಡಿದುಕೊಂಡಳು. ತಾಯಿ ಮಗಳು ಬಟ್ಟೆ ಕಟ್ಟಿಕೊಂಡು ಹೋದರು. ಹೆಂಗಸರು ಒಬ್ಬೊಬ್ಬರಾಗಿ, ಸಲಾಂ ಹೇಳದೆ ಎದ್ದರು. ಪಲಾವ್ ತಳ ಹಿಡಿದು ವಾಸನೆ ಬಂತು. ಮುಕರ್ರಮ ಒಲೆಯ ಕೆಂಡ ಎಳೆದು, ಉಳಿದ ಗೂಡುಗಳನ್ನು ಒಬ್ಬಳೇ ಸಂಜೆಯವರೆಗೂ ಬಿಡಿಸಿದಳು.

ಜೂನ್ ತಿಂಗಳು ಹೀಗೆ ಹೋಯಿತು. ತುಲ್ಕಿನ್ ವರ್ಕ್‌ಶಾಪಿನಲ್ಲಿ ಉಂಡು ಮಲಗಲು ಮಾತ್ರ ಬರುತ್ತಿದ್ದ. ಮುಕರ್ರಮಳ ಅಣ್ಣ ಇನ್ನು ಈ ಮನೆಯ ಹೊಸ್ತಿಲು ತುಳಿಯುವುದಿಲ್ಲವೆಂದು ಹೇಳಿ ಕಳಿಸಿದ. ನಾಲ್ಕನೆಯ ವಾರ ಖುರ್ಷಿದಾ ತಾನೇ ವಾಪಸು ಬಂದಳು. ತವರಿನಲ್ಲಿ ಅತ್ತಿಗೆಯರ ಮಾತು ಕೇಳಲಾಗದೆ ಬಂದಳೆಂದು ನೆರೆಯವರು ಅಂದರು. ಬಂದವಳು ಅಡುಗೆ ಮಾಡುತ್ತಿದ್ದಳು, ಅತ್ತೆಯ ಪಾಲನ್ನು ಬಟ್ಟಲಿಗೆ ಹಾಕಿ ಕಿಟಕಿಯಲ್ಲಿಟ್ಟು ಹೋಗುತ್ತಿದ್ದಳು. ಮಾತಿಲ್ಲ. ಬೀದಿಯಲ್ಲಿ ಮುಕರ್ರಮ ಹೋದರೆ ಕಟ್ಟೆಯ ಮೇಲಿನ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ರೋಬಿಯಾ ಓತಿನ್ ಮಾತ್ರ ಒಮ್ಮೆ ಕೈಹಿಡಿದು, "ಈಗ ಹ್ಯಾಗಿದೆ?" ಎಂದು ಕೇಳಿದಳು.

"ಹಾಗೇ ಇದೆ ಓತಿನಮ್ಮ. ಅಲ್ಲಾಹ ಇನ್ನೂ ಹತ್ರ ಬಂದಿಲ್ಲ."

"ಬರೋದು ಅವನಿಷ್ಟ," ಎಂದಳು ಮುದುಕಿ. "ನೀನು ವ್ಯಾಪಾರಕ್ಕಾ ಹೇಳಿದ್ದು?"

ತುಲ್ಕಿನ್ ಶುಕ್ರವಾರ ಶುಕ್ರವಾರ ಓಯ್ದಿನಳ ಅಣ್ಣನ ಮನೆಯ ಗೇಟಿಗೆ ಹೋಗಿ ನಿಲ್ಲುತ್ತಿದ್ದನಂತೆ. ಮೂರು ಸಲ ಗೇಟು ತೆರೆಯಲಿಲ್ಲ. ನಾಲ್ಕನೆಯ ಸಲ ಓಯ್ದಿನ್ ಹೊರಗೆ ಬಂದು, "ನಿಮ್ಮ ಜೊತೆ ಬಾಳೋ ಆಸೆ ನನಗಿಲ್ಲ. ಮಗಳಿಗೆ ಹೆಸರು ಬೇಕು. ಅಷ್ಟು ಮಾಡಿ" ಎಂದಳಂತೆ. ಹೆಸರು ಸೇರಿಸುವ ಕಾಗದಕ್ಕೆ ಮೊಹಲ್ಲಾ ಸಮಿತಿಯ ಹಿರಿಯರ ಮುಂದೆ ಸಾಕ್ಷಿ ಬೇಕಾಯಿತು. ತುಲ್ಕಿನ್ ಅಮ್ಮನ ಕೋಣೆಯ ಬಾಗಿಲಲ್ಲಿ ನಿಂತು, "ನಾಳೆ ಹತ್ತಕ್ಕೆ ಬನ್ನಿ" ಎಂದ. ಬಹುವಚನ ಮರಳಿತ್ತು, ಆದರೆ ಪರರಿಗೆ ಹೇಳುವ ಬಹುವಚನ.

ಸಮಿತಿಯ ಕೋಣೆಯಲ್ಲಿ ಮೂವರು ಗಡ್ಡದ ಹಿರಿಯರು, ಬರೆದುಕೊಳ್ಳುವ ಒಬ್ಬ ಹೆಂಗಸು. "ಯಾರ ಒತ್ತಾಯವೂ ಇಲ್ದೆ ಹೇಳ್ತಿದ್ದೀರಾ ಮುಕರ್ರಮಕ್ಕ?" ಎಂದು ಅಧ್ಯಕ್ಷ ಕೇಳಿದ. ಅವನು ಎರ್ಗಶನ ಗೆಳೆಯ. ಅವಳ ಮುಖ ನೋಡಲಾರದೆ ಕಾಗದ ನೋಡುತ್ತಿದ್ದ. ಅವಳು ಮೂರನೆಯ ಸಲ ಎಲ್ಲ ಹೇಳಿ, ತೋರಿಸಿದ ಜಾಗದಲ್ಲಿ ಸಹಿ ಹಾಕಿದಳು.

ಹೊರಗೆ ಪೋಪ್ಲರ್ ಮರದ ಕೆಳಗೆ ಓಯ್ದಿನ್ ಮಗಳ ಜೊತೆ ನಿಂತಿದ್ದಳು. ಆರು ವರ್ಷದ ಸಾಲಿಹಾ. ತುಲ್ಕಿನನ ಹಾಗೇ ಎರಡು ಹುಬ್ಬೂ ಕೂಡಿದ್ದವು. ಮುಕರ್ರಮ ತಲೆ ತಗ್ಗಿಸಿ ಹಾದುಹೋಗುವುದರಲ್ಲಿದ್ದಳು.

"ಅಮ್ಮ, ಆ ಅಜ್ಜಿ ಯಾರು?" ಎಂದಿತು ಮಗು.

"ಅವರನ್ನೇ ಕೇಳು," ಎಂದಳು ಓಯ್ದಿನ್.

ಮಗು ನಾಲ್ಕು ಹೆಜ್ಜೆ ಬಂದು, ಕಲಿಸಿದ ಹಾಗೆ ಎದೆಯ ಮೇಲೆ ಕೈಯಿಟ್ಟು ಸಲಾಂ ಹೇಳಿತು. "ನೀವು ಯಾರು?"

ಮುಕರ್ರಮ ಕೂತಳು. ಮಂಡಿ ನೆಲಕ್ಕೆ ತಾಗಿತು. "ನಾನು ನಿನ್ನ ಅಪ್ಪನ ಅಮ್ಮ. ನಿನ್ನ ಅಮ್ಮನ ಮೇಲೆ ಸುಳ್ಳು ಹೇಳಿದೋಳು. ಅದಕ್ಕೇ ನಿನ್ನ ಅಪ್ಪ ಇಷ್ಟು ದಿನ ಬರಲಿಲ್ಲ."

ಮಗು ಅವಳನ್ನು ಸ್ವಲ್ಪ ಹೊತ್ತು ನೋಡಿತು. "ಯಾಕೆ ಹೇಳಿದ್ರಿ?"

ಇಷ್ಟು ದಿನ ಯಾರೂ ಅದನ್ನು ಕೇಳಿರಲಿಲ್ಲ. ಮುಕರ್ರಮ ಮಗುವಿನ ಕೂಡಿದ ಹುಬ್ಬನ್ನೇ ನೋಡಿದಳು. ಓಯ್ದಿನ್ ಕಾದಳು. ಆಮೇಲೆ ಮಗಳ ಕೈಹಿಡಿದು ಕರೆದುಕೊಂಡು ಹೋದಳು.

ಮನೆಗೆ ಬಂದು ಮುಕರ್ರಮ ಕೈಕಾಲು ಮುಖ ತೊಳೆದು ವುಜೂ ಮಾಡಿ, ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, ದುವಾಕ್ಕೆ ಕೈಯೆತ್ತಿದಳು. ಬಾಯಿಪಾಠದ ಒಂದು ಮಾತೂ ನಾಲಿಗೆಗೆ ಬರಲಿಲ್ಲ.

"ಯಾಕೆ ಅಂತ ಕೇಳಿದ್ಲು," ಎಂದಳು. "ಅಣ್ಣನಿಗೆ ಮಾತು ಕೊಟ್ಟಿದ್ದೆ ಅಂತ ಓತಿನಮ್ಮನಿಗೆ ಹೇಳ್ದೆ. ಅದಲ್ಲ. ಓಯ್ದಿನ್ ಬಂದ ದಿನ ನಾನು ಕೊಟ್ಟ ಚಹಾ ಬಿಟ್ಟು ನನ್ನ ಮಗ ಅವಳ ಕೈಯಿಂದ ತಗೊಂಡು ಕುಡಿದ. ಕುಡಿದು ನಕ್ಕ. ನನ್ನ ಜೊತೆ ಹಾಗೆ ಅವನು ಯಾವತ್ತೂ ನಕ್ಕಿರಲಿಲ್ಲ. ಅದು ನನಗೆ ತಡೀಲಿಲ್ಲ. ಅಷ್ಟೇ. ಅಷ್ಟಕ್ಕೇ ಮಾಡಿದ್ದು."

ಏನೂ ಆಗಲಿಲ್ಲ. ಕೋಣೆ ಮೊದಲಿನಂತೆಯೇ ಇತ್ತು. ಅವಳು ಇನ್ನೂ ಹೇಳುತ್ತ ಹೋದಳು.

ಕಿಟಕಿಯ ಹತ್ತಿರ ಬಟ್ಟಲಿಡಲು ಬಂದ ಖುರ್ಷಿದಾ ನಿಂತಳು. ತಿಂಗಳಾಚೆಗೆ ಮೊದಲ ಸಲ ಬಾಯಿ ಬಿಟ್ಟಳು.

"ಯಾರ ಜೊತೆ ಮಾತಾಡ್ತಿದ್ದೀರಿ?"

ಮುಕರ್ರಮ ಎತ್ತಿದ ಕೈಯನ್ನು ಇಳಿಸಲಿಲ್ಲ.

"ಕೇಳಿಸ್ಕೊಳ್ತಿದಾನೋ ಇಲ್ವೋ ಗೊತ್ತಿಲ್ಲ ಮಗಳೇ," ಎಂದಳು. "ನಾನಂತೂ ಸುಳ್ಳು ಹೇಳ್ತಿಲ್ಲ."